ಬಡಿತವೂ ಹಾಡೇ, ನಿಮ್ಮ ಅಣ್ಣನಿಗೆ ಹೇಳಿ

ಶಿಡ್ಲಘಟ್ಟದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ನಮ್ಮ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿತು. ಅಮೆರಿಕದ ಫಿಯೋನಾ ಆಪಲ್ ತಾವೇ ಬರೆದು ಹಾಡಿದ ‘ಫೆಚ್ ದ ಬೋಲ್ಟ್ ಕಟರ್ಸ್’ ಆಲ್ಬಂ ಸಿಕ್ಕ ಮೇಲೆ ಬೇರೇನೂ ಕೇಳಲು ಮನಸ್ಸೇ ಬರುತ್ತಿಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ ಅಣ್ಣ “ಪಾತ್ರೆ ಬಡಿಯೋದೆಲ್ಲ ಸಂಗೀತಾನಾ?” ಅಂತ ರೇಗಿಸುತ್ತಾರಂತೆ. ಕೊನೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ಇಂಗ್ಲಿಷ್ ಮಾತು ಅರ್ಧಕ್ಕರ್ಧ ತಿಳಿಯದಿದ್ದರೂ ಇಷ್ಟು ಹುಚ್ಚು ಹಿಡಿಸಿಕೊಳ್ಳಬಹುದಾ? ನಮ್ಮ ಕಡೆ ಇಂಥದ್ದು ಇಲ್ಲವೇ ಇಲ್ಲ, ಅಲ್ವಾ?

ಮೊದಲನೆಯದಕ್ಕೆ, ಧಾರಾಳವಾಗಿ ಹಿಡಿಸಿಕೊಳ್ಳಿ. ಎರಡನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈ ಆಲ್ಬಂ 2020ರ ಏಪ್ರಿಲ್ 17ರಂದು, ಲಾಕ್‌ಡೌನ್ ನಡುವೆ ಬಂತು. ಆಪಲ್ ಅವರ ಹಿಂದಿನ ಆಲ್ಬಂ ಬಂದು ಸುಮಾರು ಎಂಟು ವರ್ಷವಾಗಿತ್ತು. ಪಿಚ್‌ಫೋರ್ಕ್ ಎಂಬ ಸಂಗೀತ ಪತ್ರಿಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು, 2021ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು. ಅದೆಲ್ಲ ಇರಲಿ. ನನಗೆ ಜಾಸ್ತಿ ಮುಖ್ಯ ಅನಿಸುವುದು ಅದನ್ನು ಮಾಡಿದ ರೀತಿ. ಲಾಸ್ ಏಂಜಲೀಸ್‌ನ ವೆನಿಸ್ ಬೀಚ್‌ನಲ್ಲಿರುವ ತಮ್ಮ ಮನೆಯಲ್ಲೇ ಅವರು ಹೆಚ್ಚಿನ ಭಾಗ ರೆಕಾರ್ಡ್ ಮಾಡಿದರು. ಕೈಗೆ ಸಿಕ್ಕ ಸಾಮಾನನ್ನೆಲ್ಲ ಬಡಿದರು. ತೀರಿಹೋದ ನಾಯಿಯ ಮೂಳೆ ಇಟ್ಟಿದ್ದ ಪೆಟ್ಟಿಗೆಯೂ ವಾದ್ಯವಾಯಿತು. ಆಲ್ಬಂನ ಹೆಸರೇ ಹೊತ್ತ ಹಾಡಿನ ಕೊನೆಯಲ್ಲಿ ನಾಯಿಗಳು ಬೊಗಳುತ್ತವೆ, ಅದನ್ನು ಹಾಗೇ ಬಿಟ್ಟಿದ್ದಾರೆ. ಕೊನೆಯ ಹಾಡಿನಲ್ಲಿ ಒಂದು ಕಡೆ ಅವರು ತಪ್ಪುತ್ತಾರೆ, ಬಾಯಲ್ಲಿ ಬೈಗುಳ ಬರುತ್ತದೆ. ಅದೂ ಇದೆ. ಇಂಥದ್ದನ್ನು ಅಳಿಸಿ ಹಾಕಲು ಎರಡು ನಿಮಿಷ ಸಾಕು. ಅಳಿಸದೆ ಬಿಡಲು ಧೈರ್ಯ ಬೇಕು.

ನೀವು ಪತ್ರದಲ್ಲಿ ಹೇಳಿರುವ ‘ಶಮೀಕಾ’ ಹಾಡು ನನಗೂ ತುಂಬ ಇಷ್ಟ. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದ ಹುಡುಗಿ, ಅವಳು ಆಪಲ್ ಅವರೇ. ಅಷ್ಟೇನೂ ಪರಿಚಯವಿಲ್ಲದ ಶಮೀಕಾ ಒಂದು ದಿನ ಬಂದು, ನಿನ್ನಲ್ಲಿ ಏನೋ ಇದೆ ಅಂತ ಹೇಳಿ ಹೋಗುತ್ತಾಳೆ. ಅಷ್ಟೇ ವಿಷಯ. ಆದರೆ ಆ ಪಿಯಾನೋ ಓಡುವ ವೇಗ ನೋಡಿ, ಕಾರಿಡಾರಿನಲ್ಲಿ ಒಬ್ಬಳೇ ಬಿರಬಿರನೆ ನಡೆದ ಹಾಗಿದೆ. ನಿಮಗೆ ಇನ್ನೊಂದು ವಿಷಯ ಗೊತ್ತಿರಲಿ. ಶಮೀಕಾ ಸ್ಟೆಪ್ನಿ ನಿಜವಾದ ವ್ಯಕ್ತಿ, ಅವರೂ ಗಾಯಕಿ, ರ್‍ಯಾಪ್ ಹಾಡುವವರೇ. ಆಲ್ಬಂ ಬಂದ ಮೇಲೆ ಹಳೆಯ ಸಹಪಾಠಿಗಳು ಮತ್ತೆ ಮಾತಾಡಿದರು. ಅದೇ ವರ್ಷ ಶಮೀಕಾ ತಮ್ಮ ಕಡೆಯಿಂದ ಒಂದು ಹಾಡು ತಂದರು, ಆಪಲ್ ಅದರಲ್ಲಿ ದನಿ ಸೇರಿಸಿದರು. ಹುಡುಕಿ ಕೇಳಿ.

ಈಗ ಅಣ್ಣನ ಮಾತಿಗೆ ಬರೋಣ. ಬಡಿತ ಸಂಗೀತ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ನಿಮ್ಮ ಜಿಲ್ಲೆಯಲ್ಲಿ ಏಳಲೇಬಾರದು. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯವರು. ಜಾತ್ರೆಯಲ್ಲಿ ತಮಟೆಯವರ ಪಕ್ಕ ನಿಂತು ನೋಡಿದ್ದೀರಲ್ಲ? ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ, ಸಾಲದಿದ್ದರೆ ಮತ್ತೆ ಕಾಯಿಸುತ್ತಾರೆ. ಶ್ರುತಿ ಮಾಡುವುದು ಅಂದರೆ ಅದೇ. ಆಮೇಲೆ ಒಂದು ಕೈಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ತೆಳುವಾದದ್ದು. ಗತ್ತು, ಅಂದರೆ ಬಡಿತದ ವರಸೆ, ಬದಲಾದ ಕೂಡಲೇ ಕುಣಿಯುವವರ ಕಾಲೂ ಬದಲಾಗುತ್ತದೆ. ಅಲ್ಲಿ ಮಾತೇ ಇರುವುದಿಲ್ಲ, ಆದರೂ ಅರ್ಥವಾಗಲಿಲ್ಲ ಅಂತ ಯಾರೂ ದೂರಿದ್ದಿಲ್ಲ. ಇದನ್ನು ಕೇಳಿ ಬೆಳೆದ ಕಿವಿಗೆ ಆಪಲ್ ಅವರ ಬಡಿತ ಹಿಡಿಸದೆ ಇರುತ್ತದೆಯೇ?

ಬರೀ ಗದ್ದಲ ಅನ್ನುವ ಮಾತನ್ನೂ ಈ ವಾದ್ಯ ಬಹಳ ಕಾಲ ಕೇಳಿಸಿಕೊಂಡಿದೆ. ಬಾರಿಸುವವರ ಜಾತಿ ನೋಡಿ ವಾದ್ಯವನ್ನೂ ಊರಾಚೆ ಇಟ್ಟಿದ್ದರು. ದಲಿತ ಚಳವಳಿ ಅದೇ ತಮಟೆಯನ್ನು ಹೋರಾಟದ ಹಾಡಿನ ಮುಂದಕ್ಕೆ ತಂದಿತು. ಕೋಲಾರದ ಕೋಟಿಗಾನಹಳ್ಳಿ ರಾಮಯ್ಯನವರಂಥವರು ಹಾಡು ಬರೆದರು, ಊರೂರಲ್ಲಿ ಜನ ಹಾಡಿದರು. ರಾಮಯ್ಯ ಮತ್ತು ಗೆಳೆಯರು ಸೇರಿ ಕೋಲಾರದ ಬಳಿ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಅನ್ನುವ ಕಾರ್ಯಕ್ರಮವೇ ಇದೆ. ಶಿಡ್ಲಘಟ್ಟದಿಂದ ಕೋಲಾರ ದೂರವಲ್ಲ. ಅಣ್ಣನನ್ನೂ ಕರೆದುಕೊಂಡು ಹೋಗಿ.

ಆಪಲ್ ಅವರ ಬದುಕು ಬೇರೆ, ನಮ್ಮವರ ಪಾಡು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಇರಾದೆ ನನಗಿಲ್ಲ. ಆದರೆ ಕಿವಿಗೆ ಗಡಿ ಇಲ್ಲ. ನಿಮಗೆ ದೂರದ ಹಾಡು ಹತ್ತಿರವಾಗಿದ್ದಕ್ಕೆ ಹತ್ತಿರದ ಸದ್ದೂ ಕಾರಣ ಅಂತ ನಾನು ನಂಬುತ್ತೇನೆ.

ಮಾತಿನ ವಿಚಾರಕ್ಕೆ ಒಂದು ಸಲಹೆ. ಸಾಲುಗಳನ್ನು ಮುಂದಿಟ್ಟುಕೊಂಡು ಒಂದು ಸಲ, ಸುಮ್ನೆ ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿ. ಹದಿಮೂರು ಹಾಡನ್ನೂ ಅವರು ಜೋಡಿಸಿದ ಕ್ರಮದಲ್ಲೇ ಕೇಳಿ, ಹಿಂದೆ ಮುಂದೆ ಮಾಡಬೇಡಿ. ‘ನ್ಯೂಸ್‌ಪೇಪರ್’ ಹಾಡನ್ನು ಮಾತ್ರ ಅಣ್ಣನಿಗೆ ಇಯರ್‌ಫೋನ್ ಹಾಕಿ ಕೇಳಿಸಿ. ಅದರಲ್ಲಿ ದನಿ ಮತ್ತು ಬಡಿತದ್ದೇ ಕಾರುಬಾರು.

ನಿಮ್ಮ ಪತ್ರವನ್ನು ಕತ್ತರಿಸದೆ ಪೂರ್ತಿ ಹಾಕುತ್ತಿದ್ದೇವೆ. ಅಣ್ಣ ಏನಂದರು ಅಂತ ಬರೆಯಿರಿ, ಬೇಕಿದ್ದರೆ ಅವರೇ ಬರೆಯಲಿ.

ಸಂಪಾದಕ