ಲಕ್ಸೆಂಬರ್ಗ್ ಲೆಕ್ಕದಲ್ಲಿ ಪಕ್ಕದೂರಿನವರ ಡೀಸೆಲ್

ಲಕ್ಸೆಂಬರ್ಗ್‌ನ ತಲಾ ಇಂಗಾಲದ ಹೊರಸೂಸುವಿಕೆ ಜರ್ಮನಿಗಿಂತ ಜಾಸ್ತಿ ಯಾಕೆ, ಅಲ್ಲಿಯ ಜನ ಅಷ್ಟು ದುಂದುಗಾರರಾ ಅಂತ ಕೇಳಿದ್ದೀರಿ. ಸ್ವಲ್ಪ ಹೌದು. ಶ್ರೀಮಂತ ದೇಶ, ದೊಡ್ಡ ಕಾರು. ಆದರೆ ಮುಖ್ಯ ಕಾರಣ ಪೆಟ್ರೋಲ್ ಬಂಕ್.

ಇಂಧನ ಎಲ್ಲಿ ಮಾರಾಟವಾಯಿತೋ ಅದರ ಹೊಗೆಯನ್ನು ಆ ದೇಶದ ಖಾತೆಗೇ ಬರೆಯುತ್ತಾರೆ. ಲಕ್ಸೆಂಬರ್ಗ್‌ನಲ್ಲಿ ತೆರಿಗೆ ಕಡಿಮೆ. ಬೆಲ್ಜಿಯಂ ಗಡಿಯ ಮಾರ್ಟೆಲಾಂಜ್‌ನಲ್ಲಿ ರಸ್ತೆಯ ಒಂದು ಬದಿ ಬೆಲ್ಜಿಯಂ, ಇನ್ನೊಂದು ಬದಿ ಲಕ್ಸೆಂಬರ್ಗ್. ಬಂಕ್‌ಗಳು ಸಾಲಾಗಿ ನಿಂತಿರುವುದು ಯಾವ ಬದಿ ಅಂತ ಹೇಳಬೇಕಿಲ್ಲ ಅಲ್ವಾ? ಹಾದುಹೋಗುವ ಲಾರಿಗಳು, ದಿನಾ ಗಡಿ ದಾಟಿ ಕೆಲಸಕ್ಕೆ ಬರುವ 2 ಲಕ್ಷಕ್ಕೂ ಹೆಚ್ಚು ಜನ, ಎಲ್ಲರೂ ಇಲ್ಲೇ ಟ್ಯಾಂಕ್ ತುಂಬಿಸುತ್ತಾರೆ. ಆ ಹೊಗೆಯನ್ನೆಲ್ಲ ಭಾಗಿಸುವುದು ಮಾತ್ರ ಏಳು ಲಕ್ಷಕ್ಕಿಂತ ಕಡಿಮೆ ಇರುವ ಸ್ಥಳೀಯರಿಂದ.

ಲಕ್ಸೆಂಬರ್ಗ್‌ನ ಹೊರಸೂಸುವಿಕೆಯ ಗ್ರಾಫ್‌ನಲ್ಲಿ 1990ರ ದಶಕದಲ್ಲಿ ಒಂದು ಇಳಿಕೆ ಇದೆ. ಅದಕ್ಕೆ ಕಾರಣ ಉಕ್ಕಿನ ಕಾರ್ಖಾನೆಗಳು. ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸುವ ಊದುಕುಲುಮೆ ಬಿಟ್ಟು ಗುಜರಿ ಕರಗಿಸುವ ವಿದ್ಯುತ್ ಕುಲುಮೆಗೆ ಹೋದರು. ಉಕ್ಕಿನ ಕಾರ್ಖಾನೆಯಿದ್ದ ಬೆಲ್ವಾಲ್‌ನ ಕೊನೆಯ ಊದುಕುಲುಮೆ 1997ರಲ್ಲಿ ನಿಂತಿತು. ಈಗ ಅದರ ಪಕ್ಕದಲ್ಲೇ ವಿಶ್ವವಿದ್ಯಾಲಯ ಇದೆ. ಒಂದು ಮಾತು, ಕರೆಂಟ್ ಬಹುಪಾಲು ಆಮದು. ಹಾಗಾಗಿ ಅದರ ಹೊಗೆ ಪಕ್ಕದ ದೇಶಗಳ ಖಾತೆಗೆ! ಆಮೇಲೆ ಡೀಸೆಲ್ ಮಾರಾಟ ಏರಿ, 2000ದ ದಶಕದ ಮಧ್ಯದ ಹೊತ್ತಿಗೆ ಆ ಉಳಿತಾಯವೆಲ್ಲ ಕರಗಿಹೋಯಿತು.

2020ರ ಮಾರ್ಚ್‌ನಿಂದ ಬಸ್, ರೈಲು, ಟ್ರಾಮ್ ದೇಶವಿಡೀ ಉಚಿತ. ಹೆಸರು ಬಂದದ್ದು ಅದಕ್ಕೇ. ನನಗೇನೋ 2021ರಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ 20 ಯೂರೊದಿಂದ ಶುರುವಾದ ಇಂಗಾಲ ತೆರಿಗೆಯೇ ಜಾಸ್ತಿ ಮುಖ್ಯ ಅನಿಸುತ್ತದೆ, ಅದು ನೇರ ಬಂಕ್‌ನ ಬೆಲೆಗೇ ಕೈ ಹಾಕುತ್ತದೆ. ಜರ್ಮನಿ ಜೊತೆ ಹೋಲಿಸುವುದಾದರೆ ಗಡಿಯಾಚೆಯವರಿಗೆ ಮಾರಿದ ಇಂಧನ ಕಳೆದು ನೋಡಿ.