ಲೇನ್ ಗೆರೆ ಮುಟ್ಟಿದ್ದಕ್ಕೆ ನಿಲ್ಲಿಸಿದರು, ಟೆಕ್ಸಾಸ್‌ನಲ್ಲಿ ಡಿಡಬ್ಲ್ಯೂಐ (ಕುಡಿದು ಗಾಡಿ ಓಡಿಸಿದ) ಕೇಸ್ ಬಿದ್ದುಹೋಗುತ್ತಾ?

ನೀವು ಬರೆದದ್ದು ಹೆಚ್ಚುಕಡಿಮೆ ನನ್ನದೇ ಕಥೆ. ಟೆಕ್ಸಾಸ್, ಎಚ್-1ಬಿ, ಸ್ನೇಹಿತರ ಮನೆಯ ಪಾರ್ಟಿ, ವಾಪಸ್ ಬರುವಾಗ ಟೈರು ಲೇನ್ ಗೆರೆ ಮುಟ್ಟಿತು ಅಂತ ಹಿಂದೆ ಪೊಲೀಸ್ ಲೈಟು. 'ನಿಲ್ಲಿಸೋಕೆ ಕಾರಣವೇ ಇರಲಿಲ್ಲ, ಕೋರ್ಟ್ ತಾರೀಖಿನ ದಿನ ಅದನ್ನೇ ಹೇಳಿದರೆ ಸಾಕಲ್ವಾ' ಅಂತ ಕೇಳಿದ್ದೀರಿ. ಸಾಲದು. ಆ ತಾರೀಖಿನ ತನಕ ಕಾಯಲೂಬೇಡಿ.

ನಮ್ಮದು ಡಲ್ಲಾಸ್ ಉತ್ತರಕ್ಕೆ, ದೀಪಾವಳಿ ಊಟ. ರಾತ್ರಿ ಒಂದು ಗಂಟೆ ದಾಟಿತ್ತು. ಹೆಂಡತಿ ಪಕ್ಕದಲ್ಲಿದ್ದಳು, ಅವಳಿಗೆ ಆಗಿನ್ನೂ ಲೈಸೆನ್ಸ್ ಇರಲಿಲ್ಲ. ಅಧಿಕಾರಿ ಕೆಳಗಿಳಿಸಿ, ಕಣ್ಣೆದುರು ಪೆನ್ನು ಹಿಡಿದು ಆಚೆ ಈಚೆ ಆಡಿಸಿದರು. ತಲೆ ಅಲ್ಲಾಡಿಸದೆ ಕಣ್ಣಲ್ಲೇ ಅದನ್ನು ಹಿಂಬಾಲಿಸಬೇಕು. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಒಂಬತ್ತು ಹೆಜ್ಜೆ ಹೋಗಿ ಒಂಬತ್ತು ಹೆಜ್ಜೆ ವಾಪಸ್, ಕೊನೆಗೆ ಒಂಟಿ ಕಾಲಲ್ಲಿ ನಿಲ್ಲುವುದು. ಚೆನ್ನಾಗಿಯೇ ಮಾಡಿದೆ ಅಂದುಕೊಂಡಿದ್ದೆ. ಠಾಣೆಯಲ್ಲಿ ಮೆಷಿನ್ ಊದಿದರೆ 0.09 ಬಂತು. ಆಲ್ಕೋಹಾಲ್ ಮಿತಿ 0.08. ಲೈಸೆನ್ಸ್ ಕಾರ್ಡ್ ಇಟ್ಟುಕೊಂಡು ಒಂದು ಹಾಳೆ ಕೊಟ್ಟರು.

ಈ ಹಾಳೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಅದೇ. 40 ದಿನ ಇದನ್ನೇ ಲೈಸೆನ್ಸ್ ಥರ ಬಳಸಬಹುದು ಅಂತ ಅದರಲ್ಲಿದೆ. ನಾನು ಓದಿದ್ದು ಅಷ್ಟೇ. ಹಾಳೆಯನ್ನು ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿಟ್ಟು, ಹೇಗೂ ಟೈಮ್ ಇದೆ, ನಿಧಾನಕ್ಕೆ ಒಳ್ಳೆಯ ವಕೀಲರನ್ನು ಹುಡುಕೋಣ ಅಂತ ಸುಮ್ಮನಾದೆ. ಅದೇ ಹಾಳೆಯಲ್ಲಿ ಇನ್ನೊಂದು ಮಾತೂ ಇತ್ತು. ಲೈಸೆನ್ಸ್ ಅಮಾನತನ್ನು ಪ್ರಶ್ನಿಸಬೇಕಿದ್ದರೆ ನೋಟಿಸ್ ಕೈಗೆ ಬಂದ 15 ದಿನದೊಳಗೆ ವಿಚಾರಣೆ ಕೇಳಬೇಕು. ಇದಕ್ಕೆ ಎಎಲ್‌ಆರ್ ಅನ್ನುತ್ತಾರೆ. ಕ್ರಿಮಿನಲ್ ಕೇಸಿಗೂ ಇದಕ್ಕೂ ಸಂಬಂಧವಿಲ್ಲ, ಎರಡೂ ಬೇರೆ ಬೇರೆ ದಾರಿ. ಕೇಳದಿದ್ದರೆ ನಲವತ್ತನೇ ದಿನ ಲೈಸೆನ್ಸ್ ತಾನಾಗಿಯೇ ಅಮಾನತಾಗುತ್ತದೆ. ಊದಿ ಫೇಲಾದವರಿಗೆ ಮೊದಲ ಸಲ 90 ದಿನ, ಊದಲು ಒಪ್ಪದವರಿಗೆ 180 ದಿನ. ಕೇಳಿದರೆ ವಿಚಾರಣೆ ಮುಗಿಯುವ ತನಕ ಅಮಾನತು ನಿಂತಿರುತ್ತದೆ.

ಲೈಸೆನ್ಸ್ ಹೋಗಿದ್ದು ಕಷ್ಟವೇ. ಬಸ್ಸಿಲ್ಲದ ಊರಲ್ಲಿ ಸಹೋದ್ಯೋಗಿಯ ಕಾರಿಗೆ ಕಾಯಬೇಕಾಯಿತು. ಆಮೇಲೆ ಆಫೀಸಿಗೆ ಹೋಗಿಬರಲು ಮಾತ್ರ ಕೋರ್ಟಿನಿಂದ ಆಕ್ಯುಪೇಷನಲ್ ಲೈಸೆನ್ಸ್ ಮಾಡಿಸಿಕೊಂಡೆ. ಆದರೆ ದೊಡ್ಡ ನಷ್ಟ ಬೇರೆಯೇ. ಆ ವಿಚಾರಣೆಯಲ್ಲಿ ನಿರ್ಧಾರವಾಗುವ ಪ್ರಶ್ನೆಗಳಲ್ಲಿ ಒಂದು, ನೀವು ಇಲ್ಲಿ ಕೇಳಿರುವುದೇ: ನಿಲ್ಲಿಸಲು ರೀಸನಬಲ್ ಸಸ್ಪಿಷನ್, ಅಂದರೆ ಅನುಮಾನಿಸಲು ಸಕಾರಣ, ಇತ್ತಾ ಇಲ್ವಾ? ನಿಮ್ಮ ವಕೀಲರು ಆ ಅಧಿಕಾರಿಯನ್ನೇ ಸಮನ್ಸ್ ಕೊಟ್ಟು ಕರೆಸಿ, ಪ್ರಮಾಣ ಮಾಡಿಸಿ ಪಾಟೀಸವಾಲು ಮಾಡಬಹುದು. ಸಾಮಾನ್ಯವಾಗಿ ಕ್ರಿಮಿನಲ್ ಕೇಸಿನ ವಿಚಾರಣೆ ಶುರುವಾಗುವುದಕ್ಕೂ ಎಷ್ಟೋ ಮುಂಚೆ ಅವರ ಮಾತು ದಾಖಲಾಗಿಬಿಡುತ್ತದೆ. ಅಂಥ ಅವಕಾಶವನ್ನು ನಾನು ಖಾನೆಯಲ್ಲಿಟ್ಟು ಮುಚ್ಚಿದ್ದೆ.

ತಡವಾಗಿ ಸಿಕ್ಕ ವಕೀಲರೂ ಮೊದಲು ಲೇನ್ ವಿಷಯವನ್ನೇ ಹಿಡಿದರು. ಕಾನೂನು ನಮ್ಮ ಕಡೆ ಇದ್ದಂತೆಯೇ ಕಂಡಿತು. ಬೆಂಗಳೂರಿನಲ್ಲಿ ಬ್ಯಾರಿಕೇಡ್ ಹಾಕಿ ಬಂದಬಂದವರ ಬಾಯಿಗೆ ಮೆಷಿನ್ ಹಿಡಿಯುತ್ತಾರೆ, ನಮಗೆ ಅದೇ ರೂಢಿ. ಇಲ್ಲಿ ಹಾಗಲ್ಲ. ಸುಮ್ನೆ ಲೈಸೆನ್ಸ್ ನೋಡೋಣ ಅಂತ ಯಾವುದೋ ಒಂದು ಕಾರನ್ನು ಆರಿಸಿ ನಿಲ್ಲಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಎಲ್ಲರನ್ನೂ ತಡೆಯುವ ಚೆಕ್‌ಪಾಯಿಂಟ್‌ಗೆ 1990ರಲ್ಲಿ ಒಪ್ಪಿಗೆ ಕೊಟ್ಟಿತು, ಆದರೂ ಟೆಕ್ಸಾಸ್‌ನಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಪ್ರತಿ ಕಾರಿಗೂ ಅದರದ್ದೇ ಕಾರಣ ಬೇಕು. 2022ರ ಹಾರ್ಡಿನ್ ಪ್ರಕರಣದಲ್ಲಿ ಟೆಕ್ಸಾಸ್‌ನ ಉನ್ನತ ಕ್ರಿಮಿನಲ್ ನ್ಯಾಯಾಲಯ, ಲೇನ್ ದಾಟುವುದು ಅಪಾಯಕರವಾಗಿದ್ದರೆ ಮಾತ್ರ ತಪ್ಪು ಎಂದಿತು. ಇಷ್ಟು ಕೇಳಿದ ಮೇಲೆ ಗೆದ್ದೇಬಿಟ್ಟೆ ಅನ್ನಿಸಿತ್ತು.

ತಿಂಗಳುಗಳು ಕಳೆದ ಮೇಲೆ ಸರ್ಕಾರಿ ವಕೀಲರ ಕಡೆಯಿಂದ ದಾಖಲೆಗಳು ಬಂದವು. ನಮ್ಮ ವಕೀಲರು ಒಂದು ಪುಟವನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. 911ಗೆ, ಅಂದರೆ ಇಲ್ಲಿನ ತುರ್ತು ನಂಬರಿಗೆ, ಬಂದ ಕರೆಯ ದಾಖಲೆ. ನನ್ನನ್ನು ನಿಲ್ಲಿಸುವುದಕ್ಕೆ ಸ್ವಲ್ಪ ಮುಂಚೆ ಹಿಂದಿನ ಕಾರಿನವರು ಯಾರೋ ಫೋನ್ ಮಾಡಿದ್ದರು. ಬಿಳಿ ಎಸ್‌ಯುವಿ, ಲೇನಿನಲ್ಲಿ ನಿಲ್ಲುತ್ತಿಲ್ಲ, ಉತ್ತರಕ್ಕೆ ಹೋಗುತ್ತಿದೆ. ನನ್ನ ನಂಬರ್ ಪ್ಲೇಟ್ ಅಲ್ಲಿತ್ತು, ಅವರ ಹೆಸರೂ ಇತ್ತು. ಅಧಿಕಾರಿ ರಸ್ತೆಯಲ್ಲಿ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಬೇಕಾಗೂ ಇಲ್ಲ. ನಿಲ್ಲಿಸುವ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು ಅನ್ನುವುದಷ್ಟೇ ಲೆಕ್ಕ.

ಇಂಥ ಕರೆಗೆ ಎಷ್ಟು ಬಲ ಅನ್ನುವುದಕ್ಕೆ ನವರೆಟ್ ವರ್ಸಸ್ ಕ್ಯಾಲಿಫೋರ್ನಿಯಾ ನೋಡಿ, ಸುಪ್ರೀಂ ಕೋರ್ಟಿನ 2014ರ ತೀರ್ಪು. ಒಂದು ಪಿಕಪ್ ನನ್ನನ್ನು ರಸ್ತೆಯಿಂದಾಚೆ ತಳ್ಳಿತು ಅಂತ 911ಗೆ ಕರೆ ಹೋಗಿತ್ತು. ಪೊಲೀಸರು ಸುಮಾರು ಐದು ನಿಮಿಷ ಹಿಂಬಾಲಿಸಿದರೂ ಆ ಗಾಡಿ ಒಂದು ತಪ್ಪೂ ಮಾಡಲಿಲ್ಲ. ಆದರೂ ಕುಡಿದಿರಬಹುದೆಂಬ ಅನುಮಾನಕ್ಕೆ ಆ ಕರೆಯೇ ಸಾಕು ಅಂತ 5-4 ಬಹುಮತದಲ್ಲಿ ತೀರ್ಪಾಯಿತು. ಅಲ್ಲಿ ಕರೆ ಮಾಡಿದವರು ಯಾರೆಂದೇ ಕೋರ್ಟ್ ಪರಿಗಣಿಸಲಿಲ್ಲ. ನನ್ನ ಕೇಸಿನಲ್ಲಿ ಹೆಸರೇ ಇತ್ತು. ಸಾಕ್ಷ್ಯ ಕೈಬಿಡಿ ಎಂಬ ನಮ್ಮ ಅರ್ಜಿಯನ್ನು ಜಡ್ಜ್ ತಳ್ಳಿಹಾಕಿದರು. ಎಎಲ್‌ಆರ್ ವಿಚಾರಣೆಗೆ ಹೋಗಿದ್ದರೆ ಆ ಕರೆಯ ವಿಷಯ ಶುರುವಿನಲ್ಲೇ ಹೊರಬರುತ್ತಿತ್ತು. ಆಗ ಲೇನ್ ವಾದಕ್ಕೆ ಸುರಿದ ದುಡ್ಡನ್ನು ಆ 0.09 ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡಿಸಲು ಹಾಕುತ್ತಿದ್ದೆವು. ಕೊನೆಗೆ ಸಣ್ಣ ಆರೋಪಕ್ಕೆ ಒಪ್ಪಿಕೊಂಡು ಮುಗಿಸಿದೆ.

ಹಾಗಾಗಿ 'ಕಾರಣ ಇರಲಿಲ್ಲ' ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಕಂಡ ಕಾರಣ ಲೇನ್ ಗೆರೆ, ಅಷ್ಟೇ. ಅವರ ಕಾರಿನ ವಿಡಿಯೊ, ರೇಡಿಯೊ, 911 ದಾಖಲೆ ಯಾವುದನ್ನೂ ನೀವಿನ್ನೂ ನೋಡಿಲ್ಲ. ಬರೀ ಗೆರೆಯೇ ಕಾರಣವಾಗಿದ್ದರೂ, ರಾತ್ರಿ ಬಾರ್ ಮುಚ್ಚುವ ಹೊತ್ತು, ಮತ್ತೆ ಮತ್ತೆ ವಾಲಿದ ಗಾಡಿ, ಇವೆಲ್ಲ ಕೂಡಿದರೆ ಅನುಮಾನಕ್ಕೆ ಸಾಕಾಗಬಹುದು. ವಾಲಿದ್ದೇ ಒಂದು ಅಪರಾಧ ಆಗಬೇಕಿಲ್ಲ.

ಕೇಸ್ ಗೆದ್ದರೆ ಎಲ್ಲ ಸರಿಹೋಗುತ್ತೆ ಅನ್ನುವುದೂ ಸುಳ್ಳು. ಅರೆಸ್ಟ್ ಆದ ಮಾಹಿತಿ ಸಿಕ್ಕರೆ ಸಾಕು, ತೀರ್ಪಿಗೆ ಕಾಯದೆ ಅಮೆರಿಕ ವೀಸಾ ರದ್ದು ಮಾಡಬಹುದು. ನನಗೆ ಆ ಇಮೇಲ್ ಬಂದಾಗ ಕೇಸ್ ಇನ್ನೂ ನಡೆಯುತ್ತಿತ್ತು. ಇಲ್ಲಿನ ಕೆಲಸಕ್ಕೆ ತೊಂದರೆ ಆಗಲಿಲ್ಲ, ಆದರೆ ದೇಶದ ಹೊರಗೆ ಹೋದರೆ ಹೊಸ ವೀಸಾ ಸ್ಟ್ಯಾಂಪಿಂಗ್, ಜೊತೆಗೆ ಅವರು ಗೊತ್ತುಮಾಡಿದ ವೈದ್ಯರಿಂದ ತಪಾಸಣೆ. ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದೆ.

ಕಳೆದ ವಾರಾಂತ್ಯ ಅಂದಿದ್ದೀರಿ, ಅಂದರೆ ನಿಮಗಿನ್ನೂ ದಿನ ಇದೆ. ಆ ಹಾಳೆ ಹುಡುಕಿ, ತಾರೀಖು ನೋಡಿ. ನಾಳೆಯೇ ಡಿಡಬ್ಲ್ಯೂಐ ಕೇಸುಗಳನ್ನೇ ಮಾಡುವ ವಕೀಲರಿಂದ ಎಎಲ್‌ಆರ್ ಅರ್ಜಿ ಹಾಕಿಸಿ, ಅಧಿಕಾರಿಗೆ ಸಮನ್ಸ್ ಕೊಡಿಸಿ, ವಿಡಿಯೊ ಮತ್ತು 911 ದಾಖಲೆ ಅಳಿಸದಂತೆ ಪತ್ರ ಬರೆಸಿ. ಯಾವುದಕ್ಕೂ ತಪ್ಪೊಪ್ಪಿಗೆ ಕೊಡುವ ಮೊದಲು ಇಮಿಗ್ರೇಷನ್ ವಕೀಲರನ್ನೂ ಬೇರೆಯಾಗಿ ಕೇಳಿ. ಟೆಕ್ಸಾಸ್ ಕೋರ್ಟು ಶಿಕ್ಷೆ ಅಲ್ಲ ಅನ್ನುವ ಡಿಫರ್ಡ್ ಅಡ್ಜುಡಿಕೇಷನ್ (ತಪ್ಪೊಪ್ಪಿಕೊಂಡ ಮೇಲೆ ತೀರ್ಪನ್ನು ಮುಂದೂಡಿ ನಿಗಾದಲ್ಲಿಡುವುದು) ಇಮಿಗ್ರೇಷನ್ ಕಾನೂನಿನಲ್ಲಿ ಶಿಕ್ಷೆಯೇ. ಊರಿಗೆ ಟಿಕೆಟ್ ಮಾಡಿಸಿದ್ದರೆ ಅದನ್ನೂ ಅವರಿಗೆ ಈಗಲೇ ಹೇಳಿ.