ಫಾಲ್ ಬಂದರೆ ಬುತ್ತಿ ಕಟ್ಟಿ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ತವರು ಗದಗ, ಈಗ ಹುಬ್ಬಳ್ಳಿಯಲ್ಲಿದ್ದೀರಿ. ಯಜಮಾನರು ಆಗಲೇ ಬಾಸ್ಟನ್ ಸೇರಿದ್ದಾರೆ. ಸೆಪ್ಟೆಂಬರ್ ಮೊದಲ ವಾರ ಐದು ವರ್ಷದ ಮಗಳನ್ನೂ ಅತ್ತೆಯವರನ್ನೂ ಕರೆದುಕೊಂಡು ನೀವು ಹೊರಟಿದ್ದೀರಿ. “ಹೋದ ಕೂಡಲೇ ಚಳಿ ಅಂತೆ, ಎಲ್ಲರೂ ಫಾಲ್ ಫಾಲ್ ಅಂತಾರೆ, ಎಲೆ ಉದುರೋದರಲ್ಲಿ ಅಂಥಾದ್ದೇನೈತಿ ಅಕ್ಕಾರ? ಗುರುತಿಲ್ಲದ ಊರಲ್ಲಿ ಯಾರ ಜೋಡಿ ತಿರುಗಾಡೋದು?” ಅಂತ ಕೇಳಿದ್ದೀರಿ. ನಾನೂ ಬಾಸ್ಟನ್ ಕಡೆಯೇ ಇರುವವಳು, ಸದ್ಯ ಧಾರವಾಡದಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಹೊರಗೆ ಜಿಟಿಜಿಟಿ ಮಳೆ, ಕೈಯಲ್ಲಿ ಪುರುಸೊತ್ತು ಬೇಕಾದಷ್ಟಿದೆ. ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಚಳಿಯ ವಿಷಯ. ಹೋದ ಕೂಡಲೇ ಏನೂ ಬರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿನ ಅತ್ಯಂತ ಹಿತವಾದ ತಿಂಗಳುಗಳು. ಕಷ್ಟ ಇರೋದು ನವೆಂಬರ್‌ನಲ್ಲಿ. ಆ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆಗ ಸಂಜೆ ನಾಲ್ಕೂವರೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಜನ ಬಾಗಿಲು ಹಾಕಿಕೊಂಡರೆ ಮತ್ತೆ ಕಾಣೋದು ಏಪ್ರಿಲ್‌ಗೆ. ಆದ್ದರಿಂದ ನಾಲ್ಕು ಮನೆಯವರ ಪರಿಚಯ ಆಗಬೇಕಾದದ್ದು ಈ ಎರಡು ತಿಂಗಳಲ್ಲೇ. ಫಾಲ್ ಅಂದರೆ ಎಲೆಗಳು ಬಣ್ಣ ತಿರುಗಿ ಉದುರುವ ಈ ಕಾಲವೇ, ಆ ಬಣ್ಣ ನೋಡುವುದು ನೆಪ ಅಂದುಕೊಳ್ಳಿ.

ಹಾಗೆ ನೋಡಿದರೆ ಇದು ನಮಗೆ ಹೊಸದೂ ಅಲ್ಲ. ಶೀಗಿ ಹುಣ್ಣಿಮೆಗೆ ನಾವು ಮಾಡುವುದು ಇದನ್ನೇ ಅಲ್ವಾ? ಹೊಲದಲ್ಲಿ ಪೈರು ಎದ್ದು ನಿಂತಿರುತ್ತದೆ. ಭೂತಾಯಿ ಬಸುರಿ, ಆಕೆಯ ಬಯಕೆ ತೀರಿಸಬೇಕು ಅಂತ ಚರಗ ಚೆಲ್ಲುತ್ತೇವೆ, ಅಂದರೆ ನೈವೇದ್ಯವನ್ನು ಹೊಲದಲ್ಲಿ ಎರಚುತ್ತೇವೆ. ಆಮೇಲೆ ಬಂಧುಬಳಗ, ಓಣಿಯವರು, ಎತ್ತು ಇಲ್ಲದವರು, ಹೊಲ ಇಲ್ಲದವರು ಎಲ್ಲರೂ ಬದುವಿನ ಮೇಲೆ ಕೂತು ಕಡುಬು, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಬುತ್ತಿ ಉಣ್ಣುತ್ತೇವೆ. ಶೀಗಿ ಹುಣ್ಣಿಮೆ ಬರುವುದು ಹೆಚ್ಚಾಗಿ ಅಕ್ಟೋಬರ್‌ನಲ್ಲಿ. ನ್ಯೂ ಇಂಗ್ಲೆಂಡಿನ, ಅಂದರೆ ಬಾಸ್ಟನ್ ಸುತ್ತಲಿನ ರಾಜ್ಯಗಳ, ಕಾಡು ಕೆಂಪಾಗುವುದೂ ಆಗಲೇ. ಅಲ್ಲಿ ನಮ್ಮ ಗುಂಪಿನವರು ಫಾಲ್ ಪಿಕ್ನಿಕ್‌ಗೆ ‘ಚರಗ’ ಅಂತಲೇ ಹೆಸರಿಟ್ಟಿದ್ದಾರೆ. ಬೆಂಗಳೂರು ಕಡೆಯವರು ಮೊದಮೊದಲು ಏನದು ಅಂತ ಕೇಳುತ್ತಿದ್ದರು. ಈಗ ಖಡಕ್ ರೊಟ್ಟಿಗೆ ಮೊದಲು ಕೈ ಹಾಕುವವರು ಅವರೇ.

ಯಾರ ಜೋಡಿ ಅಂದರೆ, ಮಗಳ ಶಾಲೆಯ ತಾಯಂದಿರು, ಯಜಮಾನರ ಆಫೀಸಿನವರು, ಪಕ್ಕದ ಮನೆಯವರು. ಕನ್ನಡದವರೇ ಬೇಕೆಂದರೆ ನ್ಯೂ ಇಂಗ್ಲೆಂಡ್ ಕನ್ನಡ ಕೂಟ ಇದೆ. ಆದರೆ ಇಲ್ಲಿಯ ಹಾಗೆ ಹಿತ್ತಲಿನಿಂದಲೇ “ಬರ್ತೀರೇನ್ರಿ” ಅಂತ ಕೂಗಿದರೆ ಯಾರೂ ಬರುವುದಿಲ್ಲ. ಎರಡು ವಾರ ಮೊದಲೇ ಮೆಸೇಜ್ ಕಳಿಸಿ: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ. ಮುಗಿಯುವ ಹೊತ್ತು ಹೇಳುವುದು ನಮಗೆ ಒಂಥರಾ ಅನಿಸುತ್ತದೆ, ಅತಿಥಿಯನ್ನು ಎಬ್ಬಿಸಿ ಕಳಿಸಿದ ಹಾಗೆ. ಅಲ್ಲಿ ಅದೇ ಮರ್ಯಾದೆ. ಹೊಸಬರು ನಾವು, ಅವರೇ ಕರೆಯಲಿ ಅಂತ ಕಾಯುತ್ತಾ ಕೂರಬೇಡಿ. ಓದಲು ಬಂದ ಹುಡುಗ ಹುಡುಗಿಯರು ಗುರುತಿದ್ದರೆ ಅವರನ್ನೂ ಕರೆಯಿರಿ. ಮನೆ ಊಟ ಅಂದರೆ ಓಡಿ ಬರುತ್ತಾರೆ, ಮಕ್ಕಳನ್ನೂ ಆಡಿಸುತ್ತಾರೆ.

ಇನ್ನು ಎಲ್ಲಿಗೆ? ಎಲ್ಲರೂ ನಿಮಗೆ ಉತ್ತರದ ಪಕ್ಕದ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೈವೇ ಅಂತಲೇ ಹೇಳುತ್ತಾರೆ. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 34 ಮೈಲಿ, ವೈಟ್ ಮೌಂಟನ್ಸ್ ಕಾಡಿನ ನಡುವೆ. ಚೆಂದದ ದಾರಿ, ಸುಳ್ಳಲ್ಲ. ಆದರೆ ಅಕ್ಟೋಬರ್ ಎರಡನೇ ಸೋಮವಾರ ರಜೆ ಇರುತ್ತದೆ, ಆ ವಾರಾಂತ್ಯ ಅಲ್ಲಿಗೆ ಹೋದರೆ ಮುಂದಿನ ಕಾರಿನ ಹಿಂಭಾಗ ನೋಡಿಕೊಂಡು ಬರಬೇಕು. ಆ ದಾರಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ, ಫೋನ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮೊದಲ ವರ್ಷ ಸುಮ್ನೆ ಬಿಟ್ಟುಬಿಡಿ ಅಂತ ನನ್ನ ಸಲಹೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುತ್ತದೆ. ಅಲ್ಲಿ ಉದುರುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಯ ಹೊತ್ತಿಗೆ, ನಿಮ್ಮ ಬೀದಿಯ ಮೇಪಲ್ ಮರವೇ ಕೆಂಪಾಗಿ ನಿಂತಿರುತ್ತದೆ.

ಎಲೆಯಲ್ಲಿ ಅಂಥಾದ್ದೇನು ಅಂದಿರಲ್ಲ. ಹಗಲು ಚಿಕ್ಕದಾದ ಹಾಗೆ ಎಲೆಯ ಹಸಿರು ಕರಗುತ್ತದೆ. ಹಳದಿ ಒಳಗೆ ಮೊದಲೇ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ ಅಷ್ಟೇ. ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವುದು, ಎಲೆಯಲ್ಲಿ ಉಳಿದ ಸಕ್ಕರೆಯಿಂದ. ಹಗಲು ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಜೋರು. ಒಂದು ದಸರೆಗೆ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರು ಬನ್ನಿ ಸಿಗಲಿಲ್ಲ ಅಂತ ಹಳದಿ ಮೇಪಲ್ ಎಲೆಯನ್ನೇ ಕೈಗೆ ಕೊಟ್ಟು “ಬಂಗಾರದ್ಹಂಗ ಇರೋಣ” ಅಂದರು. ಮಕ್ಕಳಿಗೆ ಅದೇ ರೂಢಿಯಾಗಿದೆ.

ಕಾರು ಇಲ್ಲದಿದ್ದರೂ ಹೋಗಬಹುದಾದ ಜಾಗ ಆರ್ನಾಲ್ಡ್ ಆರ್ಬೊರೇಟಂ. 281 ಎಕರೆಯ ಮರಗಳ ತೋಟ, 1872ರಲ್ಲಿ ಶುರುವಾದದ್ದು, ಹಾರ್ವರ್ಡ್‌ನವರು ನೋಡಿಕೊಳ್ಳುತ್ತಾರೆ. ಟಿಕೆಟ್ ಇಲ್ಲ. ಆರೆಂಜ್ ಲೈನ್ ಮೆಟ್ರೋ ರೈಲು ಹಿಡಿದು ಕೊನೆಯ ಸ್ಟೇಷನ್ ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಒಂದೇ ಕೊರತೆ, ಅಲ್ಲಿ ಬುತ್ತಿ ಬಿಚ್ಚುವ ಹಾಗಿಲ್ಲ. ವರ್ಷಕ್ಕೆ ಒಂದೇ ದಿನ, ಮೇ ತಿಂಗಳ ಲೈಲಾಕ್ ಸಂಡೇ ದಿನ ಮಾತ್ರ ಪಿಕ್ನಿಕ್‌ಗೆ ಬಿಡುತ್ತಾರೆ. ಉಂಡು ಹೋಗಿ.

ಅತ್ತೆಯವರಿಗೆ ಮೊಣಕಾಲು ನೋವು ಅಂದಿರಿ. ಅವರಿಗೆ ವಾಚುಸೆಟ್ ಬೆಟ್ಟ ಸರಿ. ತುದಿಯವರೆಗೆ ಕಾರು ಹೋಗುತ್ತದೆ, ಚಳಿಗಾಲಕ್ಕೆ ಮಾತ್ರ ಆ ರಸ್ತೆ ಮುಚ್ಚುತ್ತಾರೆ. ಎತ್ತರ 2,006 ಅಡಿ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ನಮ್ಮ ಧಾರವಾಡ ಊರೇ ಇದಕ್ಕಿಂತ ಮೇಲಿದೆ! ಇದನ್ನು ಅಲ್ಲಿಯ ಗೆಳೆಯರಿಗೆ ಹೇಳುವುದೆಂದರೆ ನನಗೆ ಒಂದು ಖುಷಿ. ಸೆಪ್ಟೆಂಬರ್ ಮಧ್ಯದಲ್ಲಿ ಗಿಡುಗಗಳು ದಕ್ಷಿಣಕ್ಕೆ ಹೋಗುವುದನ್ನು ನೋಡಲು ಜನ ದುರ್ಬೀನು ಹಿಡಿದು ಅಲ್ಲಿ ನಿಂತಿರುತ್ತಾರೆ. ಮಾಗಡಿ ಕೆರೆಗೆ ಬಾತುಗಳು ಬರುವುದನ್ನು ನೋಡಿದವರು ಗದಗಿನವರು, ನಿಮಗೆ ಹಿಡಿಸುತ್ತದೆ.

ಮಗಳಿಗೆ ಸೇಬಿನ ತೋಟ. ಚೀಲ ಕೊಂಡು ನೀವೇ ಕಿತ್ತುಕೊಳ್ಳಬೇಕು. ಪೆಕ್ ಅಂದರೆ ಸುಮಾರು 10 ಪೌಂಡ್ ಹಿಡಿಯುವ ಚೀಲ, ಎರಡು ಮನೆಗೆ ಒಂದು ಸಾಕು. ಹಣ್ಣನ್ನು ಎಳೆಯಬಾರದು, ಮೇಲಕ್ಕೆತ್ತಿ ಸ್ವಲ್ಪ ತಿರುಚಿದರೆ ತಾನೇ ಕೈಗೆ ಬರುತ್ತದೆ. ಮೆಕಿಂಟಾಷ್ ಸ್ವಲ್ಪ ಹುಳಿ, ಹನಿಕ್ರಿಸ್ಪ್ ಸಿಹಿ. ಹುಳಿ ಹಸಿರು ಸೇಬು ಸಿಕ್ಕರೆ ಸಣ್ಣಗೆ ಹೆಚ್ಚಿ, ಬ್ಯಾಡಗಿ ಖಾರದಪುಡಿ, ಮೆಂತ್ಯ, ಇಂಗಿನ ಒಗ್ಗರಣೆ ಹಾಕಿ. ಮಾವಿನಕಾಯಿ ಉಪ್ಪಿನಕಾಯಿ ನೆನಪಾಗದಿದ್ದರೆ ಕೇಳಿ. ಅಲ್ಲೇ ಸಿಗುವ, ಸೇಬಿನ ರಸ ಹಾಕಿ ಮಾಡಿದ ಬಿಸಿ ಸೈಡರ್ ಡೋನಟ್ ಅತ್ತೆಯವರಿಗೆ ಕೊಡಿಸಿ. ಆದರೆ ಕೊಳ್ಳುವ ಮೊದಲು ಮೊಟ್ಟೆ ಹಾಕಿದ್ದಾರೆಯೇ ಕೇಳಿ, ಹಾಕಿರುವುದೇ ಜಾಸ್ತಿ. ಕುಂಬಳಕಾಯಿ, ಹ್ಯಾಲೋವೀನ್ ಎಲ್ಲ ಮಗಳೇ ಶಾಲೆಯಿಂದ ಕಲಿತು ಬಂದು ನಿಮಗೆ ಹೇಳಿಕೊಡುತ್ತಾಳೆ.

ಎರಡು ವಿಷಯ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಒಂದು ಉಣ್ಣಿ. ಎತ್ತು ಎಮ್ಮೆಗೆ ಹತ್ತುವ ಉಣ್ಣಿಯ ಬಳಗವೇ, ಆದರೆ ಗಾತ್ರದಲ್ಲಿ ಎಳ್ಳಿನಷ್ಟು. ಲೈಮ್ ರೋಗ ಹರಡುವುದು ಇದೇ, ಅಕ್ಟೋಬರ್‌ನಲ್ಲೂ ಚುರುಕಾಗಿರುತ್ತದೆ. ಹುಲ್ಲು, ಎಲೆರಾಶಿಯಲ್ಲಿ ಆಡಿದ ಮೇಲೆ ಮನೆಗೆ ಬಂದು ಮಗಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ನೋಡಿ. ಮೈಮೇಲೆ ಉಂಗುರದ ಹಾಗೆ ಕೆಂಪು ಗಂಧೆ ಎದ್ದರೆ ಡಾಕ್ಟರ್ ಹತ್ತಿರ ಹೋಗಿ. ಇನ್ನೊಂದು, ಗೆಳೆಯರ ಕಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಎಂಟು ವರ್ಷ ತುಂಬುವವರೆಗೆ ಅಥವಾ 57 ಇಂಚು ಎತ್ತರ ದಾಟುವವರೆಗೆ ಮಕ್ಕಳ ಸೀಟು ಬೇಕೇ ಬೇಕು. ಹೋದ ತಕ್ಷಣ ಅದೊಂದನ್ನು ಕೊಂಡಿಟ್ಟರೆ ಯಾರ ಕಾರಿನಲ್ಲಾದರೂ ಹೋಗಬಹುದು.

ಬಟ್ಟೆಗೆ ದುರ್ಗದ ಬೈಲಿನಲ್ಲಿ ದಪ್ಪ ಕೋಟು ಹುಡುಕುತ್ತಾ ತಿರುಗಬೇಡಿ, ಅಲ್ಲಿಯ ಚಳಿಗೆ ಅಲ್ಲಿಯದೇ ಆಗಬೇಕು. ಅತ್ತೆಯವರಿಗೆ ಕಿವಿ ಮುಚ್ಚುವ ಟೊಪ್ಪಿಗೆ, ಉಲನ್ ಕಾಲುಚೀಲ ಸಾಕು. ಸೂಟ್‌ಕೇಸಿನಲ್ಲಿ ಉಳಿದ ಜಾಗಕ್ಕೆ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ. ಇವು ಕೆಡುವುದಿಲ್ಲ, ಮೊದಲ ಪಿಕ್ನಿಕ್‌ಗೆ ಒಲೆ ಹಚ್ಚುವ ಕೆಲಸವೂ ಇರುವುದಿಲ್ಲ. ಎಷ್ಟೋ ಸ್ಟೇಟ್ ಪಾರ್ಕ್‌ಗಳಲ್ಲಿ ಮರದ ಟೇಬಲ್ ಇರುತ್ತವೆ, ಅಲ್ಲಿ ಬಿಚ್ಚಿ.

ಯಜಮಾನರು ಮನೆ ಯಾವ ಏರಿಯಾದಲ್ಲಿ ಹಿಡಿದಿದ್ದಾರೆ ಅಂತ ತಿಳಿಸಿ, ಹತ್ತಿರದ ಸೇಬಿನ ತೋಟ ಯಾವುದು ಅಂತ ಹೇಳುತ್ತೇನೆ. ನಾನೂ ಸೆಪ್ಟೆಂಬರ್ ಕೊನೆಗೆ ವಾಪಸ್ ಬರುತ್ತೇನೆ. ನಮ್ಮ ಚರಗಕ್ಕೆ ನಿಮ್ಮನ್ನು ಈಗಲೇ ಕರೆದಿದ್ದೇನೆ ಅಂದುಕೊಳ್ಳಿ. ಎಣ್ಣೆಗಾಯಿ ನಮ್ಮದು, ಗುರೆಳ್ಳು ಚಟ್ನಿ ನಿಮ್ಮದು.